ಹಿಂದಿನಿಂದ ಕರೆದರೆ

ಆಕ್ರನ್, ಓಹಿಯೋ
೨೨ ಸೆಪ್ಟೆಂಬರ್ ೧೯೧೯

ಮೆರಿಯೆಲ್ ಅಕ್ಕ,

ನೀವು ಹೆಣೆದು ಕಳಿಸಿದ ಟೋಪಿ ಬಂತು. ಬ್ರಾನ್ವೆನ್ ಅದನ್ನು ತಲೆಗೆ ಹಾಕಿದರೆ ಅಳುತ್ತಾಳೆ, ಬಾಯಿಗೆ ಕೊಟ್ಟರೆ ಸುಮ್ಮನಾಗುತ್ತಾಳೆ. ನಾಲ್ಕು ತಿಂಗಳ ಕೂಸು ಇನ್ನೂ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡಿಲ್ಲ. ಅಂದರೆ ನಾನೂ ಮಾಡಿಲ್ಲ. ಕಾಲೇಜಿನಲ್ಲಿ ಲ್ಯಾಟಿನ್ ಬಾಯಿಪಾಠ ಒಪ್ಪಿಸಿ ಬಹುಮಾನ ತೆಗೆದುಕೊಂಡ ತಲೆ ಇದೇನಾ ಎಂದು ನನಗೇ ಅನುಮಾನ. ನಿನ್ನೆ ಸಕ್ಕರೆ ಡಬ್ಬಿಗೆ ಉಪ್ಪು ಸುರಿದೆ. ಮಗು ಕಿರುಚಿದರೆ ಗೋಡೆಯಾಚೆಯ ಬಾಡಿಗೆಯವರು ಎದ್ದು ಗೋಡೆ ಗುದ್ದುತ್ತಾರೆ. ನಿಮ್ಮ ತಮ್ಮ ಮಾತ್ರ ಅದೇ ಹಾಸಿಗೆಯಲ್ಲಿ ಮಗ್ಗುಲು ಕೂಡ ಬದಲಿಸುವುದಿಲ್ಲ. ಗಂಡಸರ ನಿದ್ದೆಯೇ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಎಂದರೆ ಗಂಡಸರು.

ಆದರೆ ಕಾಗದ ಬರೆಯಲು ಕೂತದ್ದು ಅದಕ್ಕಲ್ಲ. ಅವನನ್ನು ತಾಯಿಯಂತೆ ಸಾಕಿದವರು ನೀವು. ನಿಮ್ಮ ಮಾತು ಕೇಳುತ್ತಾನೆ. ಗ್ವಿಲಿಮ್ ಈ ಫುಟ್ಬಾಲ್ ಆಟ ಬಿಡಬೇಕು. ನೀವೇ ಹೇಳಿ ಬಿಡಿಸಬೇಕು.

ವಾರವೆಲ್ಲ ಟೈರ್ ಕಾರ್ಖಾನೆಯಲ್ಲಿ ದುಡಿದವನು ಭಾನುವಾರ ಚೆಂಡನ್ನು ಎದೆಗೆ ಅವುಚಿಕೊಂಡು ಹನ್ನೊಂದು ಜನರ ಮೈಮೇಲೆ ನುಗ್ಗುವುದು ಇದು ಮೂರನೆಯ ವರ್ಷ. ನಿಮ್ಮೂರಿನ ಕಲ್ಲುಗಣಿಯ ತಂಡದಿಂದ ಅವನನ್ನು ಇಲ್ಲಿಗೆ ಕರೆತಂದ ಮಿಸ್ಟರ್ ಲೂಮಿಸ್ ನಿಮಗೆ ನೆನಪಿರಬಹುದು. ಅವರ ಕಸುಬು ಶವಪೆಟ್ಟಿಗೆ ಅಂಗಡಿ. ಹೊರ ಊರಿನಲ್ಲಿ ಪಂದ್ಯವಿದ್ದರೆ ಆಟಗಾರರನ್ನು ಶವದ ಗಾಡಿಯಲ್ಲೇ ಸಾಗಿಸುತ್ತಾರೆ. ಅದನ್ನು ಹತ್ತಿ ಹೋದವನು ಕಾಲ ಮೇಲೆ ಇಳಿದು ಬರುವ ತನಕ ನಾನು ಕಿಟಕಿ ಬಿಟ್ಟು ಕದಲುವುದಿಲ್ಲ.

ನಿನ್ನೆ ಈ ವರ್ಷದ ಮೊದಲ ಪಂದ್ಯ. ಎಲ್ಲರೂ ಎಡಕ್ಕೆ ಓಡಿದಾಗ ಇವನೊಬ್ಬ ಬಲಕ್ಕೆ ಓಡಿ ತನ್ನದೇ ತಂಡದ ನಾಯಕ ಓಬಿಗೆ ಡಿಕ್ಕಿ ಹೊಡೆದನಂತೆ. ಓಬಿ ಎಂದರೆ ಕ್ಷೌರದಂಗಡಿಯ ಓಬರ್‌ಹೋಲ್ಟ್ಜರ್. ಪ್ರತಿ ಸಲ ಚೆಂಡು ಏಳುವ ಮುಂಚೆ ಗುಟ್ಟಿನ ಸಂಖ್ಯೆಗಳನ್ನು ಕೂಗಿ, ಚೆಂಡು ಯಾರಿಗೆ, ಓಟ ಯಾವ ಕಡೆಗೆ ಎಂದು ತನ್ನವರಿಗೆ ತಿಳಿಸುವವನು ಅವನೇ. ಮೂರು ವರ್ಷದಿಂದ ಕೇಳಿದ ಸಂಖ್ಯೆಗಳು, ಹೇಗೆ ಮರೆತುಹೋದವು? ಲೂಮಿಸ್ ಎಲ್ಲರೆದುರು ಹೇಳಿಬಿಟ್ಟರಂತೆ, ಹೀಗೇ ಆದರೆ ಕಾಲೇಜಿನ ಹುಡುಗನೊಬ್ಬನನ್ನು ತರುತ್ತೇನೆ ಎಂದು.

ಮನೆಯಲ್ಲೂ ಹಾಗೆಯೇ. ಅಡುಗೆಮನೆಯಿಂದ ಕರೆದರೆ ಉತ್ತರವಿಲ್ಲ. ಕಲ್ಲಿದ್ದಲು ಮುಗಿಯಿತಾ ಎಂದರೆ, ಹೌದು, ಅಕ್ಕನಿಗೆ ಕಾಗದ ಹಾಕಿದೆ ಎನ್ನುತ್ತಾನೆ. ಚರ್ಮದ ಶಿರಸ್ತ್ರಾಣ ಕೊಟ್ಟಿದ್ದಾರೆ, ಅದನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ, ಕಿವಿ ಮುಚ್ಚುತ್ತದಂತೆ. ಪೆಟ್ಟು ತಿಂದು ತಿಂದು ತಲೆ ಮಂಕಾಗುತ್ತಿದೆ ಅಕ್ಕ. ಈ ಮಗುವಿಗೆ ತಂದೆ ಬೇಕು. ಬರೆಯಿರಿ ಅವನಿಗೆ.

ಹೆಸ್ಟರ್


ಸ್ಲೇಟಿಂಗ್ಟನ್, ಪೆನ್ಸಿಲ್ವೇನಿಯಾ
೧ ಅಕ್ಟೋಬರ್ ೧೯೧೯

ಹೆಸ್ಟರ್ ತಂಗಿ,

ಟೋಪಿ ತಿನ್ನಲಿ ಬಿಡು, ಉಣ್ಣೆ ಒಳ್ಳೆಯದು. ಇದರ ಜೊತೆ ದ್ರಾಕ್ಷಿ ಹಾಕಿದ ಬ್ರೆಡ್ಡು ಕಳಿಸಿದ್ದೇನೆ. ನೀನೂ ಒಂದು ಚೂರು ತಿನ್ನು, ಎಲ್ಲ ಅವನಿಗೇ ಇಡಬೇಡ.

ನಿದ್ದೆಯ ವಿಷಯಕ್ಕೆ ನಮ್ಮಮ್ಮ ಒಂದು ಉಪಾಯ ಮಾಡಿದ್ದಳು. ನಮ್ಮಪ್ಪನೂ ಕಲ್ಲಿನ ಹಾಗೆ ಮಲಗುವವನೇ. ತೊಟ್ಟಿಲಿಗೆ ಒಂದು ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಅಪ್ಪನ ಕಾಲಿನ ಹೆಬ್ಬೆರಳಿಗೆ ಕಟ್ಟುತ್ತಿದ್ದಳು. ತೊಟ್ಟಿಲು ಕುಲುಕಿದರೆ ಅಪ್ಪ ಎದ್ದು ಕೂರುತ್ತಿದ್ದ. ನೀನೂ ಮಾಡಿ ನೋಡು, ನಾಚಿಕೆ ಏನಿಲ್ಲ.

ಆಟ ಬಿಡು ಎಂದು ನಾನು ಬರೆಯಲಾರೆ. ಗಣಿಯಲ್ಲಿ ಹನ್ನೆರಡನೆಯ ವಯಸ್ಸಿಗೆ ಸುತ್ತಿಗೆ ಹಿಡಿದ ಹುಡುಗ ಅವನು. ಆ ಚೆಂಡು ಕೈಗೆ ಸಿಕ್ಕ ಮೇಲೆಯೇ ಅವನು ನಗುವುದನ್ನು ನಾನು ಕಂಡದ್ದು. ತಲೆ ಸರಿಯಾಗಿದೆ, ಅದಕ್ಕೆ ನಾನು ಹೊಣೆ. ನಮ್ಮ ಮನೆಯ ಗಂಡಸರನ್ನು ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಅವರ ಜಾಯಮಾನವೇ ಹಾಗೆ. ನಮ್ಮಪ್ಪ ಕಡೆಗಾಲದಲ್ಲಿ ಒಲೆಯ ಮುಂದೆ ಮಾತಿಲ್ಲದೆ ಕೂತೇ ಇರುತ್ತಿದ್ದ. ಗ್ವಿಲಿಮನ ಹತ್ತಿರ ಮಾತಾಡಬೇಕಾದರೆ ಎದುರಿಗೆ ಹೋಗಿ ನಿಲ್ಲು, ಬೆಳಕಿರುವ ಕಡೆ ಮುಖ ಮಾಡು. ಇಷ್ಟು ಮಾಡಿದರೆ ಸಾಕು.

ಈ ಈಸ್ಟರಿನಲ್ಲಿ ಬಂದಾಗ ಅವನು ದೇವಾಲಯದಲ್ಲಿ ಹಾಡಲೇ ಇಲ್ಲ ಎಂದು ಇಲ್ಲಿಯವರು ಇನ್ನೂ ಆಡಿಕೊಳ್ಳುತ್ತಾರೆ. ಗಂಟಲು ಕಟ್ಟಿತ್ತು ಎಂದು ಹೇಳಿದ್ದೇನೆ.

ಮೆರಿಯೆಲ್


ಆಕ್ರನ್
೧೩ ಅಕ್ಟೋಬರ್ ೧೯೧೯

ಮೆರಿಯೆಲ್ ಅಕ್ಕ,

ದಾರದ ಉಪಾಯ ಫಲಿಸಿತು. ಮೊದಲ ರಾತ್ರಿ ಯಾರೋ ಕಾಲೆಳೆದರು ಎಂದು ಮುಷ್ಟಿ ಕಟ್ಟಿಕೊಂಡು ಎದ್ದ. ಆಮೇಲೆ ನಗು. ಈಗ ಮಗುವನ್ನು ಎತ್ತಿಕೊಂಡು ಅವನೇ ತಿರುಗುತ್ತಾನೆ. ಅವಳು ಕಿವಿಯ ಹತ್ತಿರವೇ ಬಾಯಿ ಇಟ್ಟು ಕಿರುಚಿದರೂ ಮುಖ ಕಿವಿಚುವುದಿಲ್ಲ. ಇಂಥ ಸಹನೆ ನನಗಿಲ್ಲ ಎಂದು ನನಗೇ ನಾಚಿಕೆಯಾಗುತ್ತದೆ. ಆದರೂ ನನಗೆ ನಿದ್ದೆ ಬರುವುದಿಲ್ಲ. ಮಗು ಅತ್ತರೆ ಯಾಕೆ ಅಳುತ್ತಾಳೆ ಎಂದು ಚಿಂತೆ, ಅಳದಿದ್ದರೆ ಉಸಿರಾಡುತ್ತಿದ್ದಾಳಾ ಎಂದು ಚಿಂತೆ.

ನೀವು ಹೇಳಿದಂತೆ ಎದುರಿಗೆ ನಿಂತು ಮಾತಾಡಿದೆ. ಆಗ ಸರಿಯಾಗಿ ಉತ್ತರಿಸುತ್ತಾನೆ. ಬೆನ್ನು ತಿರುಗಿಸಿದೆನೋ, ನಾನು ಆ ಮನೆಯಲ್ಲೇ ಇಲ್ಲ. ಕಣ್ಣ ಮುಂದೆ ಇದ್ದರೆ ಹೆಂಡತಿ, ಮರೆಯಾದರೆ ಯಾರೋ. ಇದನ್ನು ಜಾಯಮಾನ ಅನ್ನುತ್ತೀರಾ ನೀವು?

ನಿನ್ನೆ ನಾನೇ ಮೈದಾನಕ್ಕೆ ಹೋದೆ, ಕೂಸಿನ ಗಾಡಿ ತಳ್ಳಿಕೊಂಡು. ಭಾನುವಾರ ಅಂಥ ಕಡೆ ಕಾಲಿಟ್ಟದ್ದು ಪಾದ್ರಿಯಾದ ನನ್ನ ತಂದೆಗೆ ತಿಳಿದರೆ ಮುಂದಿನ ವಾರದ ಪ್ರವಚನಕ್ಕೆ ನಾನೇ ವಿಷಯ. ಹಗ್ಗದ ಈಚೆ ನಿಂತ ನನಗೇ ಓಬಿ ಕೂಗುವ ಸಂಖ್ಯೆ ಒಂದೊಂದೂ ಕೇಳಿಸುತ್ತಿತ್ತು. ಗ್ವಿಲಿಮ್ ಓಬಿಯ ಕಡೆ ನೋಡುತ್ತಲೇ ಇರಲಿಲ್ಲ. ಅವನ ಕಣ್ಣು ಪಕ್ಕದ ಓಟಗಾರನ ಹಿಮ್ಮಡಿಯ ಮೇಲೆ. ಆ ಹಿಮ್ಮಡಿ ಎದ್ದ ಮೇಲೆ ಇವನು ಏಳುತ್ತಿದ್ದ, ಎಲ್ಲರಿಗಿಂತ ಒಂದು ಉಸಿರು ತಡ. ಆದರೂ ಒಂದು ಸಲ ಚೆಂಡು ಸಿಕ್ಕಿತು ನೋಡಿ, ಇಬ್ಬರು ಅವನ ಸೊಂಟಕ್ಕೆ ಕೈ ಹಾಕಿದರು, ಇಬ್ಬರ ಕೈಯಲ್ಲೂ ಗಾಳಿ ಉಳಿಯಿತು. ನಾನು ಕೂಗಿದೆ. ಕೂಗಿದ್ದು ನಾನೇ ಎಂದು ಆಮೇಲೆ ಗೊತ್ತಾಯಿತು. ನನ್ನ ಹಿಂದೆ ನಿಂತವನೊಬ್ಬ ಪಕ್ಕದವನಿಗೆ, "ಗ್ವಿಲಿಮ್ ಪ್ರೈಸ್‌ಗೆ ಕಾಲು ನೆಟ್ಟಗಿದೆ ಮಾರಾಯ, ತಲೆ ಹೋಗಿದೆ" ಎಂದ. ನಾನು ಗಾಡಿ ತಿರುಗಿಸಿಕೊಂಡು ಮನೆಗೆ ಬಂದೆ.

ಇನ್ನೆರಡು ವಿಷಯ. ಬುಧವಾರ ಸಂಜೆ ಅಭ್ಯಾಸ ಇದೆ ಎಂದು ಹೋಗುತ್ತಾನೆ. ಬುಧವಾರ ಅಭ್ಯಾಸವೇ ಇಲ್ಲ ಎಂದು ಓಬಿಯ ಹೆಂಡತಿ ಟಿಲ್ಲಿ ಹೇಳಿದಳು. ಕುಡಿದು ಬರುವುದಿಲ್ಲ, ಸಪ್ಪಗೂ ಬರುವುದಿಲ್ಲ, ಗೆಲುವಾಗಿಯೇ ಬರುತ್ತಾನೆ. ಮತ್ತೆ, ಊಟಕ್ಕೆ ಕೂತಾಗ ನಾನು ನೋಡುತ್ತಿಲ್ಲ ಅಂದುಕೊಂಡರೆ ಅವನ ಬೆರಳುಗಳು ಮೇಜಿನ ಕೆಳಗೆ ತಾವಾಗಿಯೇ ಮಡಚಿ ಬಿಚ್ಚಿ ಕುಣಿಯುತ್ತವೆ. ಇದು ನರದ ಕಾಯಿಲೆ ಅಲ್ಲವೇ? ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ಹೆಸ್ಟರ್


ಸ್ಲೇಟಿಂಗ್ಟನ್
೨೧ ಅಕ್ಟೋಬರ್ ೧೯೧೯

ಹೆಸ್ಟರ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಬೆರಳು, ಬುಧವಾರ ಇವು ನನಗೂ ಗೊತ್ತಿಲ್ಲ. ಉಳಿದದ್ದರ ವಿಷಯದಲ್ಲಿ ನಾನು ಅವನಿಗೆ ಮಾತು ಕೊಟ್ಟಿದ್ದೇನೆ. ಬೈಬಲ್ ಮೇಲೆ ನನ್ನ ಕೈ ಇಡಿಸಿ ಅವನು ತೆಗೆದುಕೊಂಡ ಮಾತು. ಅವನಿಗೇ ಬರೆದಿದ್ದೇನೆ, ನಿನ್ನ ಹೆಂಡತಿಗೆ ನೀನೇ ಹೇಳು ಎಂದು. ಅವನು ಹೇಳುವ ತನಕ ತಾಳ್ಮೆ ಇರಲಿ. ಹೆಚ್ಚು ಕೇಳಬೇಡ.

ಮೆರಿಯೆಲ್


ಆಕ್ರನ್
೨೭ ಅಕ್ಟೋಬರ್ ೧೯೧೯

ಮೆರಿಯೆಲ್ ಅಕ್ಕ,

ಹೆಚ್ಚು ಕೇಳಬೇಡ ಎಂದಿರಿ. ನೀವು ಏನೂ ಬರೆಯದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅವನು ನಿಮ್ಮ ಕಾಗದ ಓದಿ ಮಡಿಸಿ ಒಲೆಗೆ ಹಾಕಿದ. ಏನಂತೆ ಎಂದು ಕೇಳಿದರೆ, ನಿಮ್ಮೂರಲ್ಲಿ ಮಳೆಯಂತೆ.

ಕಾಲೇಜಿನಲ್ಲಿ ನಮಗೆ ಅನುವಂಶಿಕತೆಯ ಪಾಠವಿತ್ತು. ಪ್ರೊಫೆಸರರು ಹಲಗೆಯ ಮೇಲೆ ಮನೆತನಗಳ ಮರ ಬರೆದು, ಬುದ್ಧಿ ಕೆಟ್ಟವರ ಚೌಕಕ್ಕೆ ಸೀಮೆಸುಣ್ಣ ತುಂಬುತ್ತಿದ್ದರು: ಅಜ್ಜ, ಮಗ, ಮೊಮ್ಮಗಳು. ನಾನು ಅದನ್ನು ಅಚ್ಚುಕಟ್ಟಾಗಿ ಬರೆದುಕೊಂಡು ಒಳ್ಳೆಯ ಅಂಕ ತೆಗೆದೆ. ಈಗ ಕಣ್ಣು ಮುಚ್ಚಿದರೆ ಆ ಮರವೇ ಕಾಣುತ್ತದೆ. ನಿಮ್ಮ ತಂದೆ ಒಲೆಯ ಮುಂದೆ ಮಾತಿಲ್ಲದೆ ಕೂತಿರುತ್ತಿದ್ದರು ಎಂದು ನೀವೇ ಬರೆದಿರಿ. ಮಗನಿಗೆ ಕರೆದರೆ ತಿಳಿಯುವುದಿಲ್ಲ, ಬೆರಳು ಕುಣಿಯುತ್ತವೆ, ಎಲ್ಲಿಗೋ ಹೋಗುತ್ತಾನೆ. ಬೈಬಲ್ ಮೇಲೆ ಆಣೆ ಇಟ್ಟು ಮುಚ್ಚಿಡುವ ಸಂಗತಿ ಇನ್ನೇನಿರುತ್ತದೆ?

ನೇರವಾಗಿ ಕೇಳುತ್ತೇನೆ. ನಿಮ್ಮ ಮನೆತನದಲ್ಲಿ ಬುದ್ಧಿಭ್ರಮಣೆ ಇದೆಯೇ? ಇದ್ದರೂ ನಾನು ಅವನನ್ನು ಬಿಟ್ಟು ಹೋಗುವವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬ್ರಾನ್ವೆನ್ ನನ್ನ ಮಗಳು. ಅವಳ ಪಾಲಿಗೆ ಏನು ಬಂದಿದೆ ಎಂದು ತಿಳಿಯುವ ಹಕ್ಕು ನನಗಿದೆ. ನಿಮ್ಮ ಆಣೆ ದೊಡ್ಡದೋ ಈ ಕೂಸು ದೊಡ್ಡದೋ, ನೀವೇ ಯೋಚಿಸಿ.

ಹೆಸ್ಟರ್


ಸ್ಲೇಟಿಂಗ್ಟನ್
೩೧ ಅಕ್ಟೋಬರ್ ೧೯೧೯

ಅಯ್ಯೋ ತಂಗಿ, ಎಲ್ಲಿಂದ ಎಲ್ಲಿಗೆ ಹೋದೆ ನೀನು. ಓದಿದವರು ಹೆದರಿದರೆ ನಮ್ಮಂಥವರಿಗಿಂತ ಹತ್ತು ಮೈಲಿ ಮುಂದೆ ಹೋಗಿ ಹೆದರುತ್ತೀರಿ.

ಅವನಿಗೆ ಕಿವಿ ಕೇಳಿಸುವುದಿಲ್ಲ. ಅಷ್ಟೇ. ಹುಚ್ಚಲ್ಲ, ಮಂಕಲ್ಲ, ನರವಲ್ಲ. ಎಡಗಿವಿ ಗಣಿಯಲ್ಲಿ ಹೋಯಿತು, ಹದಿಮೂರು ವರ್ಷದವನಿದ್ದಾಗ ಮದ್ದು ಸಿಡಿದು. ಒಂದು ಕಿವಿಯಲ್ಲೇ ನಿಭಾಯಿಸಿಕೊಂಡು ಬಂದ, ಯಾರಿಗೂ ಗೊತ್ತಾಗಲಿಲ್ಲ. ಹೋದ ಚಳಿಗಾಲದಲ್ಲಿ ಆ ಜ್ವರ ಬಂತಲ್ಲ, ನೀನು ಬಸುರಿ ಎಂದು ಅವನನ್ನು ಬೇರೆ ಕೋಣೆಯಲ್ಲಿಟ್ಟಿದ್ದಿರಿ, ಅದು ಬಲಗಿವಿಯನ್ನು ಕೊಂಡುಹೋಯಿತು. ಈಸ್ಟರಿಗೆ ಬಂದಾಗ ದೇವಾಲಯದಲ್ಲಿ ನನ್ನ ಪಕ್ಕ ನಿಂತು ಬಾಯಿ ತೆರೆದ. ಸ್ವರ ಎಲ್ಲೋ ಹೋಯಿತು. ಅವನೇ ನನ್ನ ಮುಖ ನೋಡಿ ತಿಳಿದುಕೊಂಡು ಬಾಯಿ ಮುಚ್ಚಿದ. ಅಂದು ಸಂಜೆ ಆಣೆ ಹಾಕಿಸಿಕೊಂಡ. ಲೂಮಿಸ್‌ಗೆ ತಿಳಿದರೆ ಸಂಖ್ಯೆ ಕೇಳಿಸದವನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂದ. ಹೆಸ್ಟರಿಗೆ ಹೇಳು ಎಂದೆ. "ತುಂಬು ಬಸುರಿ, ಅವಳು ಈಗಾಗ್ಲೇ ನಿದ್ದೆ ಮಾಡಲ್ಲ ಅಕ್ಕ" ಎಂದ.

ನಮ್ಮಪ್ಪನದೂ ಗಣಿಯ ಕಿವಿಯೇ. ನಲವತ್ತು ವರ್ಷ ಮದ್ದಿನ ಪಕ್ಕ ನಿಂತ ಕಿವಿ. ಮಾತಿಲ್ಲದೆ ಕೂರುತ್ತಿದ್ದದ್ದು ನಮ್ಮ ಮಾತು ತಿಳಿಯದೆ. ನಿನ್ನ ಪ್ರೊಫೆಸರರ ಮರಕ್ಕೆ ಇದರಲ್ಲಿ ಕೊಂಬೆ ಇಲ್ಲ. ಮಗುವಿನ ಹಿಂದೆ ಒಂದು ತಟ್ಟೆ ಬೀಳಿಸಿ ನೋಡು, ನಿನಗೇ ತಿಳಿಯುತ್ತದೆ.

ನಾನು ಆಣೆ ಮುರಿದೆ. ದೇವರ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ. ಅವನನ್ನು ಬೈಯಬೇಡ.

ಮೆರಿಯೆಲ್


ಆಕ್ರನ್
೧೦ ನವೆಂಬರ್ ೧೯೧೯

ಅಕ್ಕ,

ತಟ್ಟೆ ಬೀಳಿಸಿದೆ. ಮಗು ಬೆಚ್ಚಿಬಿದ್ದು ಮನೆ ಕಿತ್ತುಹೋಗುವಂತೆ ಅತ್ತಳು. ಆ ಅಳು ಕೇಳಿ ನಾನು ನೆಲದ ಮೇಲೆ ಕೂತು ನಕ್ಕೆ. ಗೋಡೆಯಾಚೆಯವರು ಗುದ್ದಿದರು. ಗುದ್ದಲಿ.

ಗ್ವಿಲಿಮ್ ಕೆಲಸದಿಂದ ಬಂದು ಮೈಮೇಲಿನ ಕಾರ್ಖಾನೆಯ ಬಿಳಿ ಪುಡಿ ತೊಳೆದುಕೊಂಡ ಮೇಲೆ ಕಿಟಕಿಯ ಹತ್ತಿರ ಕೂರಿಸಿದೆ. "ನನ್ನ ಮುಖ ನೋಡು" ಎಂದೆ. "ನಿನಗೆ ಕಿವಿ ಕೇಳಿಸಲ್ಲ, ಅಲ್ವಾ?"

"ಮೆರಿಯೆಲ್ ಹೇಳಿದ್ಲಾ?"

ತಲೆಯಾಡಿಸಿದೆ.

"ಅವಳ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ" ಎಂದ. ಆಮೇಲೆ, "ನಿನ್ನ ತುಟಿ ಓದೋದು ಸುಲಭ ಹೆಸ್ಟರ್. ಪಾದ್ರಿ ಮನೆ ಹುಡುಗಿ, ಒಂದೊಂದಕ್ಷರಾನೂ ಬಿಡಿಸಿ ಹೇಳ್ತೀಯ. ಬೈಯೋವಾಗಂತೂ ಅಚ್ಚು ಹಾಕಿದ ಹಾಗೆ."

ನಾನು ಬೈಯಲಿಲ್ಲ. ಬೈಯಬೇಕೆಂದಿದ್ದದ್ದೆಲ್ಲ ಮರೆತುಹೋಯಿತು.

ಬುಧವಾರದ್ದೂ ತಿಳಿಯಿತು. ಕಾರ್ಖಾನೆಯಲ್ಲಿ ನೂರಾರು ಕಿವುಡರು ಕೆಲಸ ಮಾಡುತ್ತಾರೆ, ಅವರದ್ದೇ ವಸತಿಮನೆ ಇದೆ. ಅಲ್ಲಿಗೆ ಹೋಗಿ ಕೈಮಾತು ಕಲಿಯುತ್ತಿದ್ದಾನೆ. ಊಟದ ಮೇಜಿನ ಕೆಳಗೆ ಕುಣಿಯುತ್ತಿದ್ದದ್ದು ಅಕ್ಷರಮಾಲೆ. ಅವರದ್ದೂ ಒಂದು ಆಟದ ತಂಡವಿದೆ. ಎದುರಾಳಿಗಳಿಗೆ ಕೈಸನ್ನೆ ಕಾಣದಿರಲಿ ಎಂದು ಪ್ರತಿ ಸಲವೂ ಹನ್ನೊಂದು ಜನ ತಲೆಗೆ ತಲೆ ಕೊಟ್ಟು ವೃತ್ತವಾಗಿ ನಿಂತು ನಡುವೆ ಮಾತಾಡಿಕೊಳ್ಳುತ್ತಾರಂತೆ.

ಆಮೇಲೆ ಅವನೇ ಹೇಳಿದ, "ನೀನು ಬೇಡ ಅಂದ್ರೆ ಬಿಡ್ತೀನಿ." ಎದ್ದು ಹೋಗಿ ಬೂಟಿನ ಲಾಡಿ ಎರಡನ್ನೂ ಸೇರಿಸಿ ಗಂಟು ಹಾಕಿ ಮೊಳೆಗೆ ನೇತುಹಾಕಿದ. ನಿಮಗೆ ಮೊದಲ ಕಾಗದದಲ್ಲಿ ನಾನು ಬೇಡಿದ್ದು ಇದನ್ನೇ. ಕೈಗೆ ಬಂದು ಬಿದ್ದಿತ್ತು. ಯಾಕೆ ಅಷ್ಟು ಇಷ್ಟ ಆ ಆಟ ಎಂದು ಸುಮ್ಮನೆ ಕೇಳಿದೆ. ಅವನು, "ಎಲ್ಲಾ ಕಡೆ ಜನ ಬಾಯಲ್ಲಿ ಮಾತಾಡ್ತಾರೆ. ಅಲ್ಲಿ ಮೈಯಲ್ಲಿ ಮಾತಾಡ್ತಾರೆ. ಚೆಂಡು ಎದ್ದ ಮೇಲೆ ನಾನು ಯಾರಿಗೂ ನಾಟಕ ಆಡಬೇಕಾಗಿಲ್ಲ" ಎಂದ.

ಮರುದಿನ ನಾನೇ ಓಬಿಯ ಮನೆಗೆ ಹೋದೆ. ಗ್ವಿಲಿಮನ ಒಪ್ಪಿಗೆ ತೆಗೆದುಕೊಂಡೇ ಹೋದೆ, ಹೆದರಬೇಡಿ. ಎಲ್ಲ ಹೇಳಿದೆ. ಓಬಿ ತಟ್ಟೆ ಪಕ್ಕಕ್ಕೆ ಸರಿಸಿ, "ನನ್ನ ಕಂಡ್ರೆ ಅವನಿಗೆ ಆಗಲ್ಲ ಅಂದ್ಕೊಂಡಿದ್ದೆ ತಾಯೀ. ಕೂಗಿದ್ರೆ ತಿರುಗ್ತಾನೇ ಇರ್ಲಿಲ್ಲ" ಎಂದ. ಕಿವುಡರ ಹಾಗೆ ವೃತ್ತವಾಗಿ ನಿಲ್ಲಿ, ಅವನ ಮುಖ ನೋಡಿ ಸಂಖ್ಯೆ ಹೇಳಿ ಎಂದೆ. ಅದಕ್ಕೆ ತಲೆ ಕೆರೆದುಕೊಂಡ. ಭಾನುವಾರ ಆಡುವುದೇ ಪಾಪ ಎಂದು ಊರಿನ ಪಾದ್ರಿಗಳೆಲ್ಲ ಬೈಯುತ್ತಾರೆ, ಇನ್ನು ಮೈದಾನದ ನಡುವೆ ತಲೆ ಬಗ್ಗಿಸಿ ನಿಂತರೆ ಪ್ರಾರ್ಥನೆ ಮಾ‌ಡುತ್ತಿದ್ದಾರೆ ಎಂದು ಜನ ನಗುವುದಿಲ್ಲವೇ ಎಂದ. ಕೊನೆಗೆ ಒಪ್ಪಿದ, ಕಾರಣವನ್ನು ಉಳಿದ ಆಟಗಾರರಿಗೂ ಲೂಮಿಸ್‌ಗೂ ಹೇಳುವುದಿಲ್ಲ ಎಂದ.

ಶನಿವಾರ ಅಭ್ಯಾಸದಲ್ಲಿ ವೃತ್ತವಾಗಿ ನಿಂತರು. ಆಗಲಿಲ್ಲ. ಓಬಿಯ ಮೀಸೆ ಅಡ್ಡ. ನೀವು ಆ ಮೀಸೆ ನೋಡಿಲ್ಲ ಅಕ್ಕ. ಮೂಗಿನ ಕೆಳಗೆ ಪೊರಕೆ ಕಟ್ಟಿದ ಹಾಗಿದೆ, ಎರಡು ತುಟಿಯನ್ನೂ ಮುಚ್ಚಿದೆ. "ಊರವರೆಲ್ಲರ ತುಟಿ ಓದ್ತೀನಿ, ಓಬಿದು ಮಾತ್ರ ಹುಲ್ಲಿನ ಬಣವೆ" ಎನ್ನುತ್ತಾನೆ ಗ್ವಿಲಿಮ್. ಊರವರ ಮುಖವನ್ನೆಲ್ಲ ಬೋಳಿಸುವ ಕ್ಷೌರಿಕ, ನಾನು ಮೀಸೆ ತೆಗೆಯಿರಿ ಎಂದರೆ ಮುಖ ಕಪ್ಪಿಟ್ಟುಕೊಂಡು, "ಅದೊಂದು ಬೇಡ, ಇನ್ನೇನು ಬೇಕಾದ್ರೂ ಕೇಳಿ" ಎಂದು ಎದ್ದು ಹೋದ. ಅವನ ಬದಲು ಬೇರೆಯವನು ಸಂಖ್ಯೆ ಹೇಳಬಹುದಿತ್ತು, ಆದರೆ ಎದುರು ಸಾಲನ್ನು ನೋಡಿ ಆಟ ಆರಿಸುವ ತಲೆ ತಂಡದಲ್ಲಿ ಅವನದೊಂದೇ.

ನಿನ್ನೆ ಗ್ವಿಲಿಮ್ ಮತ್ತೆ ತಪ್ಪಿದ. ಲೂಮಿಸ್ ಅರ್ಧದಲ್ಲೇ ಹೊರಗೆ ಕೂರಿಸಿದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನದ ಪಂದ್ಯ ಕೊನೆಯದು, ಅಲ್ಲೂ ತಪ್ಪಿದರೆ ಮುಂದಿನ ವರ್ಷ ಅವನ ಜಾಗಕ್ಕೆ ಕಾಲೇಜು ಹುಡುಗ.

ಹೆಸ್ಟರ್


ಸ್ಲೇಟಿಂಗ್ಟನ್
೧೭ ನವೆಂಬರ್ ೧೯೧೯

ಹೆಸ್ಟರ್ ತಂಗಿ,

ನೀನು ಬೈಯಲಿಲ್ಲ ಎಂದು ಓದಿ ನಾನು ದೇವಾಲಯಕ್ಕೆ ಹೋಗಿ ಒಂದು ಹಾಡು ಹೆಚ್ಚಾಗಿ ಹಾಡಿದೆ.

ಮೀಸೆಯ ವಿಷಯ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಗಂಡಸರದು. ನೀನು ಗಂಡಸಿನ ಹತ್ತಿರ ಹೋಗಿ ಕೇಳಿದ್ದೇ ತಪ್ಪು. ಅವನ ಹೆಂಡತಿಯನ್ನು ಕೇಳು. ಕ್ಷೌರದವನು ತನ್ನ ಮೀಸೆಗೆ ಕತ್ತರಿ ತಾಗಿಸುವುದಿಲ್ಲ ಎಂದರೆ ಅದು ಕೂದಲಿನ ಮಾತಲ್ಲ, ಅದರ ಹಿಂದೆ ಯಾರೋ ಇದ್ದಾರೆ. ಯಾರು ಎಂದು ತಿಳಿದುಕೋ. ತಿಳಿದ ಮೇಲೆ ಒತ್ತಾಯ ಮಾಡಬೇಡ. ಹೇಳಿ ಬಂದುಬಿಡು.

ನನ್ನದೊಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡ. ಮೊದಲ ಕಾಗದದಲ್ಲಿ ಆಟ ಬಿಡಿಸಿ ಎಂದು ಗೋಗರೆದವಳು ನೀನು. ಅವನು ಬೂಟು ಮೊಳೆಗೆ ಹಾಕಿದ ಮೇಲೆ ಆಡಿಸಲು ಮನೆಮನೆ ತಿರುಗುತ್ತಿರುವವಳೂ ನೀನೇ. ಭಯ ಹೋಯಿತಾ? ಇಲ್ಲ ತಾನೇ? ಹಾಗಾದರೆ ನಿನಗೆ ಏನು ಬೇಕು? ನನಗೆ ಹೇಳದಿದ್ದರೂ ಪರವಾಗಿಲ್ಲ, ನಿನಗೆ ಗೊತ್ತಿರಲಿ. ಒಂದು ದಿನ ಅವನು ಕೇಳುತ್ತಾನೆ.

ಹಬ್ಬಕ್ಕೆ ಬಾತುಕೋಳಿ ಬೇಯಿಸುವಾಗ ಈರುಳ್ಳಿ ಒಳಗೆ ತುಂಬು, ಮೇಲೆ ಹಾಕಬೇಡ.

ಮೆರಿಯೆಲ್


ಆಕ್ರನ್
೨೯ ನವೆಂಬರ್ ೧೯೧೯

ಮೆರಿಯೆಲ್ ಅಕ್ಕ,

ಈರುಳ್ಳಿ ಒಳಗೇ ತುಂಬಿದೆ. ಎಂಟು ಜನ ತಿಂದರು, ಮೂಳೆ ಮಾತ್ರ ಉಳಿಯಿತು.

ನೀವು ಹೇಳಿದ ಹಾಗೆ ಟಿಲ್ಲಿಯನ್ನು ಕೇಳಿದೆ. ಓಬಿಯ ತಂದೆ ವೇಯ್ನ್ ಜಿಲ್ಲೆಯ ರೈತರು, ಯುದ್ಧ ಒಲ್ಲದ, ಹಳೆಯ ಕಟ್ಟಳೆಯ ಮೆನೊನೈಟ್ ಕ್ರೈಸ್ತ ಪಂಥದವರು. ಅವರಲ್ಲಿ ಗಂಡಸರು ಗಡ್ಡ ಬಿಡುತ್ತಾರೆ, ಮೀಸೆ ಬೋಳಿಸುತ್ತಾರೆ. ಮೀಸೆ ಸಿಪಾಯಿಗಳ ಗುರುತು, ದೇವರಿಗೆ ಸೇರಿದ್ದಲ್ಲ ಎಂದು. ಓಬಿ ಪಂಥ ಬಿಟ್ಟು ಪಟ್ಟಣಕ್ಕೆ ಬಂದ ವಾರವೇ ಗಡ್ಡ ತೆಗೆದು ಮೀಸೆ ಬಿಟ್ಟನಂತೆ. ಅಂದಿನಿಂದ ತಂದೆಯ ಮನೆಗೆ ಹೋಗಿಲ್ಲ. "ಅದನ್ನ ತೆಗೆದ್ರೆ ಅಪ್ಪ ಗೆದ್ದ ಹಾಗೆ ಅಂತ ಅವ್ರ ಲೆಕ್ಕ" ಎಂದಳು ಟಿಲ್ಲಿ. ನಾನು ಒತ್ತಾಯ ಮಾಡಲಿಲ್ಲ. ಗ್ವಿಲಿಮನ ಜಾಗದ ವಿಷಯ ಅವರಿಗೆ ಗೊತ್ತೇ ಇತ್ತು. ಎದ್ದು ಬಂದೆ.

ಹಬ್ಬದ ದಿನ ಬೆಳಿಗ್ಗೆ ಮೈದಾನಕ್ಕೆ ಹೋದರೆ ಆಟಗಾರರ ನಡುವೆ ಯಾರೋ ಹೊಸಬ. ಮೂಗಿನ ಕೆಳಗೆ ಬೆಳ್ಳಗೆ ಒಂದು ಪಟ್ಟಿ, ಅದರ ಮೇಲೆ ಕತ್ತಿ ತಾಗಿದ ಗೀರು. ಟಿಲ್ಲಿ ಪಕ್ಕಕ್ಕೆ ಬಂದು, "ಮದುವೆಯಾಗಿ ಆರು ವರ್ಷಕ್ಕೆ ಇವ್ರಿಗೂ ಮೇಲ್ದುಟಿ ಇದೆ ಅಂತ ಗೊತ್ತಾಯ್ತು" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಆಟ ಶುರುವಾಯಿತು. ಓಬಿ ಕೈ ಬೀಸಿ ಕರೆದ, ಹನ್ನೊಂದು ಜನ ತಲೆಗೆ ತಲೆ ಕೊಟ್ಟು ನಿಂತರು. ಆಮೇಲೆ ಮರದ ಮೆಟ್ಟಿಲುಗಳ ಮೇಲಿಂದ ಒಬ್ಬ ಎದ್ದು ನಿಂತು ಎಳೆದು ಎಳೆದು "ಆಮೆನ್" ಎಂದ. ಊರೇ ನಕ್ಕಿತು. ಎರಡನೆಯ ಸಲಕ್ಕೆ ನೂರು ಜನ ಒಟ್ಟಿಗೆ ಆಮೆನ್ ಎಂದರು. ಅಷ್ಟರಲ್ಲಿ ಗ್ವಿಲಿಮ್ ಚೆಂಡು ಹಿಡಿದು ಎಡಕ್ಕೆ ತಿರುಗಿದ್ದ, ಎಲ್ಲರೂ ಎಡಕ್ಕೆ ತಿರುಗಿದ್ದಾಗಲೇ. ಆ ದಿನ ಒಂದು ಸಲವೂ ತಡವಾಗಲಿಲ್ಲ. ನಾವು ಮೂರು ಅಂಕಗಳಿಂದ ಸೋತೆವು, ಚೆಂಡನ್ನು ಒದ್ದು ಅಂಕ ಗಳಿಸುವ ಅವರ ಆಟಗಾರ ನಮ್ಮವನಿಗಿಂತ ಒಳ್ಳೆಯವನು. ಸೋತ ಊರಿನ ಜನ ಹಾಗೆ ನಗುತ್ತಾ ಮನೆಗೆ ಹೋದದ್ದನ್ನು ನಾನು ನೋಡಿಲ್ಲ.

ಊಟಕ್ಕೆ ನಮ್ಮ ಮನೆಗೆ ಬಂದಿದ್ದವರು ಓಬಿ, ಟಿಲ್ಲಿ, ಲೂಮಿಸ್ ದಂಪತಿ, ಮತ್ತೆ ಸಾಲಿನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ದೈತ್ಯ ಬಾರ್ಟೋಷ್ ಮತ್ತು ಅವನ ತಾಯಿ. ಓಬಿ ಹೇಳಿದ ಕತೆ ಇದು. ಆಟದ ಕೊನೆಯ ಹೊತ್ತು, ವೃತ್ತದಲ್ಲಿ ಸಂಖ್ಯೆ ಹೇಳುವಾಗ ಅವನು ಎತ್ತಲೋ ತಿರುಗಿದನಂತೆ. ಗ್ವಿಲಿಮ್ ಎಲ್ಲರೆದುರಿಗೆ ಬಾಯಿಬಿಟ್ಟು, "ನನಗೆ ಕಿವಿ ಕೇಳಲ್ಲ. ಇನ್ನೊಂದ್ಸಲ ಹೇಳು" ಎಂದ. ಎಲ್ಲರೂ ಅವನ ಮುಖ ನೋಡಿದರು. ಆಗ ಬಾರ್ಟೋಷ್ ತಲೆ ಎತ್ತದೆಯೇ, "ಹೇಳು ಮಾರಾಯ, ನಂಗೂ ಕೇಳ್ಸಿಲ್ಲ. ಈ ಗಲಾಟೇಲಿ ಮೂರು ವರ್ಷದಿಂದ ನಾನು ಅಂದಾಜಲ್ಲೇ ಆಡ್ತಿದೀನಿ" ಎಂದನಂತೆ. ಊಟದ ಮೇಜಿನಲ್ಲಿ ಅದನ್ನು ಕೇಳಿ ಬಾರ್ಟೋಷನ ತಾಯಿ ಅವನ ಬೆನ್ನಿಗೆ ಒಂದು ಕೊಟ್ಟರು.

ಲೂಮಿಸ್‌ಗೂ ಗ್ವಿಲಿಮ್ ತಾನೇ ಹೇಳಿದ, ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಎದ್ದು ನಿಂತು. ಲೂಮಿಸ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, "ನನ್ನ ಗಿರಾಕಿಗಳಲ್ಲಿ ಯಾರಿಗೂ ಕಿವಿ ಕೇಳಲ್ಲ. ಇವತ್ತಿನವರೆಗೂ ಒಬ್ಬರೂ ತೊಂದರೆ ಕೊಟ್ಟಿಲ್ಲ" ಎಂದರು. ಆ ಆಮೆನ್ ಕೂಗಲೆಂದೇ ಮುಂದಿನ ವರ್ಷ ಜನ ಬರುತ್ತಾರೆ, ಗ್ವಿಲಿಮ್ ಒಪ್ಪಿದರೆ ಜಾಗ ಅವನದೇ ಎಂದರು.

ಓಬಿಯದು ಇನ್ನೊಂದಿದೆ. ಹಬ್ಬದ ಹಿಂದಿನ ದಿನ ಮೀಸೆ ಬೋಳಿಸಿಕೊಂಡವನು ಯಾಕೋ ರೈಲು ಹತ್ತಿ ತಂದೆಯ ಹೊಲಕ್ಕೆ ಹೋದನಂತೆ. ಮುದುಕರು ಬಾಗಿಲಲ್ಲಿ ನಿಂತು ಬೋಳು ತುಟಿ ನೋಡಿದರು, ಮಗ ಪಂಥಕ್ಕೆ ಮರಳಿದ ಎಂದುಕೊಂಡರು, ಏನೂ ಕೇಳದೆ ಒಳಗೆ ಕರೆದು ತಟ್ಟೆ ಹಾಕಿಸಿದರು. "ನೀವು ಹೇಳಿಲ್ವಾ, ಇದು ಆಟಕ್ಕೆ ಅಂತ?" ಎಂದೆ. "ಅವ್ರು ಏನೋ ಅಂದ್ಕೊಂಡ್ರು, ನಾನು ಇಲ್ಲ ಅನ್ಲಿಲ್ಲ. ಗಡ್ಡ ಯಾವಾಗ ಬಿಡ್ತೀಯ ಅಂತ ಕೇಳಿದ್ರು. ನೋಡೋಣ ಅಂದೆ" ಎಂದ ಓಬಿ. ಅವನು ಮತ್ತೆ ಆಲೂಗಡ್ಡೆ ಬಡಿಸಿಕೊಂಡ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಭಯ ಹೋಗಿಲ್ಲ. ಶವದ ಗಾಡಿ ಬೀದಿಯ ತಿರುವಿನಲ್ಲಿ ಮರೆಯಾದರೆ ಈಗಲೂ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಮುಂದಿನ ವರ್ಷವೂ ನಿಲ್ಲುತ್ತೇನೆ. ಆದರೆ ಏನೂ ಹೇಳದ ಗಂಡನ ಪಕ್ಕ ಎಚ್ಚರವಾಗಿರುವುದಕ್ಕಿಂತ ಕಿಟಕಿಯ ಹತ್ತಿರ ಎಚ್ಚರವಾಗಿರುವುದು ಹಗುರ.

ನಿನ್ನೆ ಬೆಳಿಗ್ಗೆ, ನೀವು ಹೇಳಿದ ಹಾಗೆಯೇ, ಅವನು ಕೇಳಿದ. ಮಗು ಅವನ ತೊಡೆಯ ಮೇಲಿತ್ತು. ಲೂಮಿಸ್‌ಗೆ ಏನು ಹೇಳಲಿ ಎಂದ. ನಾನು ಬೆಳಕಿಗೆ ಮುಖ ಮಾಡಿ, "ಆಡು" ಎಂದೆ.

"ಕೇಳಿಸಲಿಲ್ಲ" ಎಂದ. "ಇನ್ನೊಂದ್ಸಲ ಹೇಳು."

ಮೊದಲ ಸಲವೇ ಓದಿಕೊಂಡಿದ್ದ. ಅದು ಅವನ ಮುಖದ ತುಂಬ ಇತ್ತು. ಆದರೂ ನಾನು ಹತ್ತಿರ ಹೋಗಿ ಇನ್ನೊಂದು ಸಲ ಹೇಳಿದೆ.

ನಿಮ್ಮ
ಹೆಸ್ಟರ್